ಸಾರಿನ ಪಾತ್ರೆಗೆ ಹಾಕಿದ ಬೆಸುಗೆ

ವಾಸು ಗುಂಡು ಹೊಡೆಯುತ್ತಿದ್ದದ್ದು ಕಾಗದಕ್ಕೆ. ತಿಂಗಳಿಗೆ ಎರಡು ಶನಿವಾರ ಕ್ಲಬ್ಬಿಗೆ ಹೋಗಿ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಕಾಲದ ಕೋವಿಯಲ್ಲಿ ದೂರದ ಕಾಗದಕ್ಕೆ ಇಪ್ಪತ್ತು ತೂತು ಮಾಡಿ, ಅದನ್ನು ಸುರುಳಿ ಸುತ್ತಿಕೊಂಡು ಲಂಡನ್ನಿನ ಪಿನ್ನರ್‌ನ ಮನೆಗೆ ಮರಳುತ್ತಿದ್ದ. ಪೊಲೀಸರ ಪರವಾನಗಿ ಇತ್ತು, ಗೋಡೆಗೆ ಬಿಗಿದ ಕಬ್ಬಿಣದ ಬೀರು ಇತ್ತು, ಎಲ್ಲವೂ ಕಾನೂನಿನಂತೆಯೇ. "ಬೆಳ್ಳುಳ್ಳಿ ತಿನ್ನೋಕೂ ಯೋಚನೆ ಮಾಡೋ ಮನೇಲಿ ಬಂದೂಕೇ!" ಎಂದು ಮೈಸೂರಿನಿಂದ ಬಂದ ತಾಯಿ ಗಿರಿಜಾದೇವಿ ಮೊದಲ ದಿನ ಹಣೆ ಚಚ್ಚಿಕೊಂಡಿದ್ದರು. ಆಮೇಲೆ ಮಗ ಕೊಲ್ಲುವುದು ಕಾಗದವನ್ನು ಮಾತ್ರ ಎಂದು ತಿಳಿದು ಸುಮ್ಮನಾದರು.

ಹೆಂಡತಿ ಕಲ್ಯಾಣಿಗೆ ಕೋವಿಯ ಮೇಲೆ ಕೋಪವಿರಲಿಲ್ಲ. ಕೋಪವೆಲ್ಲ ಹಿತ್ತಲಿನ ಶೆಡ್ಡಿನ ಮೇಲೆ. ಗುಂಡು ಕೊಳ್ಳುವುದಕ್ಕಿಂತ ತಾನೇ ಎರಕ ಹೊಯ್ಯುವುದು ಸೊಗಸು ಎಂಬುದು ವಾಸುವಿನ ಮತ. ಛಾವಣಿ ರಿಪೇರಿಯವರಿಂದ ಹಳೆಯ ಸೀಸದ ತಗಡು ತಂದು, ಶೆಡ್ಡಿನಲ್ಲಿ ಕರಗಿಸಿ, ಅಚ್ಚು ಚೆನ್ನಾಗಿ ತುಂಬಲೆಂದು ಒಂದಿಷ್ಟು ತವರ ಸೇರಿಸಿ, ಹೊಳೆಯುವ ಗುಂಡುಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಇಡೀ ವಾರ ಅಕ್ಸ್‌ಬ್ರಿಡ್ಜ್‌ನ ಆಫೀಸಿನಲ್ಲಿ ಬೇರೆಯವರ ಲೆಕ್ಕಪತ್ರದ ತಪ್ಪು ಹುಡುಕುವವನಿಗೆ, ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಮಾಡಿದ ತೃಪ್ತಿ ಅಲ್ಲಿ ಸಿಗುತ್ತಿತ್ತು. ಐವತ್ತಾರು ವರ್ಷದ ಗಂಡಸು ಗೋಲಿ ಎಣಿಸಿದ ಹಾಗೆ ಅವುಗಳನ್ನು ಎಣಿಸುವುದನ್ನು ನೋಡಿ ಕಲ್ಯಾಣಿಗೆ ಮೈಯೆಲ್ಲ ಉರಿಯುತ್ತಿತ್ತು.

"ಶೂ ಹೊರಗಡೇನೇ ಬಿಡಿ. ಆ ಶರಟು ನನ್ನ ಬಟ್ಟೆ ಜೊತೆ ಮಷಿನ್‌ಗೆ ಹಾಕಬೇಡಿ. ಕೈ ತೊಳ್ಕೊಂಡ್ರಾ?"

"ಎರಡು ಸಲ ತೊಳ್ಕೊಂಡೆ ಮಾರಾಯ್ತಿ. ಬೇಕಾದ್ರೆ ಮೂಸಿ ನೋಡು."

"ಸೀಸಕ್ಕೆ ವಾಸನೆ ಇರತ್ತಾ? ಯಾರಿಗೆ ಹೇಳ್ತೀರಿ?"

ಅಕ್ಟೋಬರ್ ಕೊನೆಗೆ ಮಗಳು ನಿಖಿತಾ, ಅಳಿಯ ಶಮಂತ್ ಎರಡು ಸೂಟ್‌ಕೇಸ್ ಹಿಡಿದು ಬಂದರು. ವೆಂಬ್ಲಿಯ ಅವರ ಫ್ಲಾಟಿನ ಬಾತ್‌ರೂಮ್ ಸೋರಿ ಮಲಗುವ ಕೋಣೆಯ ಗೋಡೆಯೆಲ್ಲ ಬೂಷ್ಟು ಹಿಡಿದಿತ್ತು. ನಿಖಿತಾಗೆ ಆಗ ಮೂರು ತಿಂಗಳು. ಮನೆಯಲ್ಲಿ ಬಸುರಿ ಹೆಂಗಸು ಎಂದ ಮೇಲೆ ಅಡುಗೆಮನೆಯ ಅಧಿಕಾರ ತಾನಾಗಿಯೇ ಗಿರಿಜಾದೇವಿಯವರ ಕೈಗೆ ಬಂತು. ಹುಡುಗಿಗೆ ಅನ್ನ ಕಂಡರೆ ವಾಕರಿಕೆ, ಬ್ರೆಡ್ ಕಂಡರೆ ವಾಕರಿಕೆ. ಒಳಗಿಳಿಯುತ್ತಿದ್ದದ್ದು ಅಜ್ಜಿಯ ತಿಳಿಸಾರು ಒಂದೇ. ಬೆಳಿಗ್ಗೆ ಒಂದು ಲೋಟ, ಸಂಜೆ ಆಫೀಸಿನಿಂದ ಬಂದ ಕೂಡಲೇ ಒಂದು ಲೋಟ.

ಆ ಸಾರು ಕುದಿಯುತ್ತಿದ್ದದ್ದು ಈಯದ ಪಾತ್ರೆಯಲ್ಲಿ. ಶುದ್ಧ ತವರದ ಪಾತ್ರೆ ಅದು, ಗಿರಿಜಾದೇವಿಯವರ ಮದುವೆಯಲ್ಲಿ ಅವರ ಅತ್ತೆ ಕೊಟ್ಟದ್ದು. ಲಂಡನ್ನಿಗೆ ಬರುವಾಗ ಸೀರೆಗಳ ನಡುವೆ ಸುತ್ತಿ ತಂದಿದ್ದರು. ಹುಣಸೆರಸ ಹಾಕಿ ಅದರಲ್ಲಿ ಕುದಿಸಿದರೆ ಬರುವ ರುಚಿ ಸ್ಟೀಲಿನಲ್ಲಿ ಬರುವುದಿಲ್ಲ ಎಂಬುದು ಮೈಸೂರಿನ ಹಳೆಯ ಮನೆಗಳಲ್ಲಿ ವಾದವಿಲ್ಲದ ಸಂಗತಿ. ಆ ಪಾತ್ರೆಗೆ ಇರುವುದು ಒಂದೇ ದೋಷ. ಒಳಗೆ ನೀರಿಲ್ಲದೆ ಒಲೆಯ ಮೇಲಿಟ್ಟರೆ ಕರಗಿ ಹೋಗುತ್ತದೆ.

ನವೆಂಬರಿನ ಒಂದು ಶುಕ್ರವಾರ ಗಿರಿಜಾದೇವಿ ಬರೀ ಪಾತ್ರೆಯನ್ನು ಒಲೆಯ ಮೇಲಿಟ್ಟು, ಮೈಸೂರಿನ ಕಿರಿಮಗ ಸುಧೀರನ ಫೋನ್ ಬಂದಿತೆಂದು ಹೊರಗೆ ಹೋದರು. ಐವತ್ತೆಂಟು ವರ್ಷದಲ್ಲಿ ಒಂದು ಸಲವೂ ಮಾಡದ ತಪ್ಪು. ತಿರುಗಿ ಬಂದಾಗ ತಳದಲ್ಲಿ ಬಟಾಣಿಯಷ್ಟು ತೂತು ಬಿದ್ದು ಬೆಳ್ಳಗಿನ ಹನಿ ಒಲೆಯ ಮೇಲೆ ಹೆಪ್ಪುಗಟ್ಟಿತ್ತು. ಕಲ್ಯಾಣಿ ಶಾಲೆಯ ಆಫೀಸಿನ ಕೆಲಸಕ್ಕೆ, ಮಕ್ಕಳಿಬ್ಬರು ತಮ್ಮ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿದ್ದದ್ದು ಅಂದು ರಜೆ ಹಾಕಿದ್ದ ವಾಸು ಒಬ್ಬನೇ.

"ವಾಸು, ಕಲ್ಯಾಣಿಗೆ ಹೇಳಬೇಡ ಕಣೋ," ಎಂದು ತಾಯಿ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. "ಮುದುಕಿಗೆ ಮರೆವು ಬಂತು, ಇನ್ನು ಗ್ಯಾಸ್ ಮುಟ್ಟಬೇಡಿ ಅಂತಾಳೆ. ಅಡುಗೆಮನೆಯೂ ಹೋದ್ರೆ ನಾನು ಈ ಊರಲ್ಲಿ ಏನು ಮಾಡಲಿ ಹೇಳು?"

"ಅಷ್ಟಕ್ಕೆ ಯಾಕಮ್ಮ ಅಳ್ತೀಯ? ಕೊಡಿಲ್ಲಿ. ನನ್ನ ಹತ್ರ ತವರ ಇದೆ. ಅರ್ಧ ಗಂಟೆ ಕೆಲಸ."

ಅರ್ಧ ಗಂಟೆಯ ಕೆಲಸವಾಗಿರಲಿಲ್ಲ. ತವರದ ಪಾತ್ರೆಗೆ ತವರದ ಬೆಸುಗೆ ಹಾಕಹೋದರೆ ಎರಡೂ ಒಂದೇ ಬಿಸಿಗೆ ಕರಗುತ್ತವೆ. ಬಟಾಣಿಯಷ್ಟಿದ್ದ ತೂತು ಎಂಟಾಣೆಯಷ್ಟಾಯಿತು. ತಾಯಿ ಶಾಲು ಹೊದ್ದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಕಲ್ಯಾಣಿ ನಾಲ್ಕಕ್ಕೆ ಬರುವವಳು, ಆಗಲೇ ಮೂರೂಕಾಲು. ತವರಕ್ಕೆ ಸೀಸ ಬೆರೆಸಿದರೆ ಆ ಮಿಶ್ರಣ ಎರಡಕ್ಕಿಂತಲೂ ಬೇಗ ಕರಗುತ್ತದೆ, ಪಾತ್ರೆಗೆ ಏನೂ ಆಗುವುದಿಲ್ಲ ಎಂಬುದು ವಾಸುವಿಗೆ ಕರತಲಾಮಲಕ. ಬೆರೆಸಿದ. ಮೊದಲ ಸಲಕ್ಕೇ ತೇಪೆ ಕೂತಿತು. ಉಜ್ಜಿ ನುಣುಪು ಮಾಡಿ, ಒಳಗಡೆ ತವರವನ್ನು ತೆಳ್ಳಗೆ ಸವರಿದ. ಇಷ್ಟು ದೊಡ್ಡ ಪಾತ್ರೆಯಲ್ಲಿ ಅಷ್ಟು ತೇಪೆ, ಅದರ ಮೇಲೊಂದು ಲೇಪ, ಏನಾಗಿಬಿಡುತ್ತೆ ಎಂದುಕೊಂಡ. ಹುಣಸೆಹುಳಿ ಲೋಹಕ್ಕೆ ಏನು ಮಾಡುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಲು ಹೋಗಲಿಲ್ಲ, ಅಷ್ಟೇ.

ತಾಯಿ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಶುದ್ಧ ತವರ ತಾನೇ?"

"ಹೂಂ ಅಮ್ಮ."

ಸಂಜೆ ಸಾರು ಎಂದಿನಂತೆಯೇ ಇತ್ತು. ನಿಖಿತಾ ಎರಡು ಲೋಟ ಕುಡಿದಳು.

ಕ್ರಿಸ್‌ಮಸ್ ರಜೆಯಲ್ಲಿ ಕಲ್ಯಾಣಿ ಎಲ್ಲರೂ ಊಟಕ್ಕೆ ಕೂತಿದ್ದಾಗ ವಿಷಯ ಎತ್ತಿದಳು. ನಿಖಿತಾಗೆ ಆಗಾಗ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು, ಮುಖ ಬಿಳಿಚಿಕೊಂಡಿತ್ತು. ಬಸುರಿನಲ್ಲಿ ಇದೆಲ್ಲ ಇದ್ದದ್ದೇ ಎಂದು ನರ್ಸ್ ಕಬ್ಬಿಣದ ಮಾತ್ರೆ ಕೊಟ್ಟಿದ್ದಳು.

"ಮಗು ಹುಟ್ಟೋವರೆಗೂ ಆ ಶೆಡ್ಡಿಗೆ ಬೀಗ ಹಾಕಿ," ಎಂದಳು ಕಲ್ಯಾಣಿ.

"ಶೆಡ್ಡಿಗೂ ಇವಳ ಹೊಟ್ಟೆನೋವಿಗೂ ಏನು ಸಂಬಂಧ? ಕಿಟಕಿ ತೆಗೆದಿಟ್ಟು ಕೆಲಸ ಮಾಡ್ತೀನಿ, ಮಾಸ್ಕ್ ಹಾಕ್ಕೋತೀನಿ..."

"ಸಂಬಂಧ ಇದೆಯೋ ಇಲ್ಲವೋ, ಹಾಕಿ."

"ಅಮ್ಮ, ಲೀವ್ ಇಟ್," ಎಂದಳು ನಿಖಿತಾ. "ಅಪ್ಪ ಈಸ್ ಕೇರ್‌ಫುಲ್."

ಮಗಳು ಪಕ್ಷ ವಹಿಸಿದ್ದರಿಂದ ವಾಸುವಿಗೆ ಇನ್ನೂ ಹುರುಪು ಬಂತು. ತಟ್ಟೆಯ ಮುಂದಿನಿಂದ ಎದ್ದು ಹೋಗಿ ಶೆಡ್ಡಿಗೆ ಬೀಗ ಹಾಕಿ, ಕೀಲಿಯನ್ನು ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಕುಟ್ಟಿ ಇಟ್ಟ. "ಮಾರ್ಚ್‌ನಲ್ಲಿ ಕ್ಲಬ್ಬಿನವರು ಹೇಳೋ ರಕ್ತಪರೀಕ್ಷೆ ಇದೆ. ಕಾಗದ ತಂದು ನಿನ್ನ ಕೈಗೇ ಕೊಡ್ತೀನಿ. ಆವಾಗ ನೋಡು ನನ್ನ ಶೆಡ್ಡು ಎಷ್ಟು ಕ್ಲೀನು ಅಂತ."

"ನೋಡೋಣ," ಎಂದಳು ಕಲ್ಯಾಣಿ. ಗಿರಿಜಾದೇವಿ ಜಗಳ ತಣಿಯಲೆಂದು ಎಲ್ಲರಿಗೂ ಇನ್ನೊಂದು ಸೌಟು ಸಾರು ಬಡಿಸಿದರು.

ಮಾರ್ಚ್ ಆರನೇ ತಾರೀಕು ಪರೀಕ್ಷೆಯ ಕಾಗದ ಬಂತು. ವಾಸುವಿನ ರಕ್ತದಲ್ಲಿ ಸೀಸ ಕಳೆದ ವರ್ಷದ ಮೂರರಷ್ಟಿತ್ತು. ಡಾಕ್ಟರ್ ಫೋನಿನಲ್ಲಿ ಕೇಳಿದರು, ಈಚೆಗೆ ಎರಕದ ಕೆಲಸ ಹೆಚ್ಚಾಗಿತ್ತೇ? ಇಲ್ಲ, ಎರಡು ತಿಂಗಳಿಂದ ಶೆಡ್ಡಿಗೆ ಕಾಲಿಟ್ಟಿಲ್ಲ ಎಂದ. ಹಾಗಾದರೆ ಬೇರೆ ಎಲ್ಲಿಂದಲೋ ಬರುತ್ತಿದೆ, ಹಳೆಯ ಬಣ್ಣ, ನೀರಿನ ಪೈಪು, ಊಟ, ಯೋಚಿಸಿ ನೋಡಿ ಎಂದರು. ಯೋಚಿಸುವ ಅಗತ್ಯ ಅವನಿಗೆ ಬೀಳಲಿಲ್ಲ. ಫೋನ್ ಇನ್ನೂ ಕಿವಿಯಲ್ಲಿರುವಾಗಲೇ ಕೆಳಗೆ ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಕೇಳಿತು.

ದಿನಕ್ಕೊಂದು ಬಟ್ಟಲು ಸಾರು ಕುಡಿದ ತನಗೇ ಇಷ್ಟು. ದಿನಕ್ಕೆ ಎರಡು ಲೋಟ ಕುಡಿದವಳಿಗೆ ಎಷ್ಟು, ಅವಳ ಹೊಟ್ಟೆಯಲ್ಲಿರುವ ಕೂಸಿಗೆ ಎಷ್ಟು? ಆಗಲೇ ಇಳಿದು ಹೋಗಿ ಹೇಳಬೇಕಾಗಿತ್ತು. ಇಳಿದು ಹೋದದ್ದೇನೋ ನಿಜ. "ಅಮ್ಮ, ತಳ ಸ್ವಲ್ಪ ತೆಳ್ಳಗಾದ ಹಾಗಿದೆ, ಪಾತ್ರೆ ಇಲ್ಲಿ ಕೊಡು, ಇನ್ನೊಂದು ಸಲ ನೋಡ್ತೀನಿ," ಎಂದು ಅದನ್ನು ಶೆಡ್ಡಿಗೆ ಸೇರಿಸಿ, ಆ ಹೊತ್ತಿನ ಸಾರನ್ನು ಕೈತಪ್ಪಿದಂತೆ ಮಾಡಿ ಸಿಂಕಿಗೆ ಚೆಲ್ಲಿದ. ಕಾಗದವನ್ನು ಮಡಚಿ ಕೋವಿಯ ಬೀರುವಿನೊಳಗೆ ಇಟ್ಟ. ಇನ್ನು ಮೇಲೆ ಯಾರ ಹೊಟ್ಟೆಗೂ ಹೋಗುವುದಿಲ್ಲವಲ್ಲ, ನಿಧಾನವಾಗಿ ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೇಡಿಗೆ ನಾಳೆ ಎನ್ನುವುದಕ್ಕಿಂತ ಒಳ್ಳೆಯ ನೆಂಟ ಇಲ್ಲ.

ಮಾರನೆಯ ದಿನದಿಂದ ಸಾರು ಸ್ಟೀಲಿನ ಪಾತ್ರೆಯಲ್ಲಿ ಕುದಿಯಿತು. "ಇದು ಬೇರೆ ಥರ ಇದೆ ಅಜ್ಜಿ," ಎಂದು ನಿಖಿತಾ ಅರ್ಧ ಲೋಟ ಬಿಟ್ಟಳು. "ನಿಮ್ಮಪ್ಪನ್ನ ಕೇಳು," ಎಂದರು ಗಿರಿಜಾದೇವಿ.

ಅಪ್ಪ ಪ್ರತಿ ಸಂಜೆ ಮಗಳನ್ನು ಕೇಳುತ್ತಿದ್ದ. "ಹೊಟ್ಟೆ ಹೇಗಿದೆ ಪುಟ್ಟಿ?"

"ಸೇಮ್. ಇವತ್ತು ಸ್ವಲ್ಪ ಜಾಸ್ತಿ."

"ರೆಸ್ಟ್ ತಗೋ."

ಕಲ್ಯಾಣಿ ಎರಡು ಸಲ ಕೇಳಿದಳು, ಪರೀಕ್ಷೆಯ ಕಾಗದ ಬಂತೇ ಎಂದು. ಇನ್ನೂ ಇಲ್ಲ ಎಂದ. ಶನಿವಾರ ಕ್ಲಬ್ಬಿಗೆ ಹೋಗಲಿಲ್ಲ. ಗಂಡ ತಾನಾಗಿಯೇ ಮನೆಯ ಕಾರ್ಪೆಟ್ಟನ್ನೆಲ್ಲ ಗುಡಿಸಿದ್ದು ಕಂಡು ಕಲ್ಯಾಣಿ, "ಏನ್ರೀ, ಮೈ ಹುಷಾರಿಲ್ವಾ?" ಎಂದಳು.

ಹದಿನೈದನೇ ತಾರೀಕು ನಿಖಿತಾ ಮೆಟ್ಟಿಲ ಮೇಲೆ ಕುಸಿದು ಕೂತಳು. ಹೊಟ್ಟೆ ಹಿಂಡುತ್ತಿತ್ತು, ಮಾತಾಡಲು ಆಗುತ್ತಿರಲಿಲ್ಲ. ಶಮಂತ್ ಅವಳನ್ನು ಎತ್ತಿ ಕಾರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ, ಕಲ್ಯಾಣಿ ಜೊತೆಗೆ ಹೋದಳು. ಅಲ್ಲಿಯ ಡಾಕ್ಟರ್ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದಾಗ ಶೆಡ್ಡಿನ ವಿಷಯ ಹೇಳಿದವಳು ಕಲ್ಯಾಣಿಯೇ. ಮೂರು ದಿನದ ಮೇಲೆ ರಕ್ತದ ವರದಿ ಬಂತು. ಸೀಸ. ವಾಸುವಿನದಕ್ಕಿಂತ ಎಷ್ಟೋ ಹೆಚ್ಚು. ಮಗುವಿನ ಎದೆಬಡಿತ ಸದ್ಯಕ್ಕೆ ಸರಿಯಾಗಿದೆ, ಬೆಳವಣಿಗೆ ಸ್ವಲ್ಪ ಹಿಂದಿದೆ, ಹುಟ್ಟಿದ ಮೇಲೆ ಅದರ ರಕ್ತವನ್ನೂ ನೋಡಬೇಕು, ಮುಂದಿನದನ್ನು ಈಗಲೇ ಹೇಳಲಾಗುವುದಿಲ್ಲ ಎಂದರು.

ಆ ಬುಧವಾರ ಆರೋಗ್ಯ ಇಲಾಖೆಯ ಹೆಂಗಸೊಬ್ಬಳು ಮನೆಗೆ ಬಂದಳು. ಮನೆಯಲ್ಲಿ ಇದ್ದದ್ದು ವಾಸು, ಅವನ ತಾಯಿ ಇಬ್ಬರೇ. ಆಕೆ ಶೆಡ್ಡು ನೋಡಿದಳು, ನಲ್ಲಿಯ ನೀರು ಹಿಡಿದಳು, ಈಲಿಂಗ್ ರೋಡಿನ ಇಂಡಿಯನ್ ಅಂಗಡಿಯಿಂದ ತಂದ ಮಸಾಲೆಗಳ ಡಬ್ಬಿ ತೆಗೆಸಿದಳು, ಕಾಡಿಗೆ ಉಂಟೇ ಎಂದು ಕೇಳಿದಳು. ಊರಿನಿಂದ ತಂದ ಪಾತ್ರೆಗಳು? ಎಂದು ಕಪಾಟಿನ ಪಾತ್ರೆಗಳತ್ತ ಕೈ ತೋರಿಸಿದಾಗ ಗಿರಿಜಾದೇವಿಗೆ ಆ ಮಾತು ಅರ್ಥವಾಗಿ, "ಈಯದ ಪಾತ್ರೆ ಇದೆಯಲ್ಲ, ತೋರಿಸು," ಎಂದರು. ವಾಸು ಶೆಡ್ಡಿನಿಂದ ತಂದು ಮೇಜಿನ ಮೇಲಿಟ್ಟ. ಆಕೆ ಅದನ್ನು ಅತ್ತಿತ್ತ ತಿರುಗಿಸಿದಳು.

"ಇದನ್ನು ಯಾವಾಗಲಾದರೂ ರಿಪೇರಿ ಮಾಡಿಸಿದ್ದೀರಾ ಎಂದು ನಿಮ್ಮ ತಾಯಿಯನ್ನು ಕೇಳಿ," ಎಂದಳು ಇಂಗ್ಲಿಷಿನಲ್ಲಿ.

ವಾಸು ಕೇಳಿದ. ಗಿರಿಜಾದೇವಿ ಒಂದು ಕ್ಷಣ ಸೆರಗಿನ ತುದಿಯನ್ನು ಹಿಡಿದುಕೊಂಡರು. ಮರೆವಿನ ಮಾತು ಸೊಸೆಯ ಕಿವಿಗೆ ಬೀಳುತ್ತದೆಂಬ ಅಂಜಿಕೆ ಆ ಮುಖದಲ್ಲಿ ಬಂದು ಹೋಯಿತು. ಆಮೇಲೆ ಸ್ಪಷ್ಟವಾಗಿ ಹೇಳಿದರು. "ಹೂಂ ಅನ್ನು. ನಾನು ಬರೀ ಪಾತ್ರೆ ಒಲೆ ಮೇಲಿಟ್ಟು ಮರೆತೆ, ತೂತು ಬಿತ್ತು. ನನ್ನ ಮಗ ಬೆಸುಗೆ ಹಾಕಿಕೊಟ್ಟ. ಎಲ್ಲಾನೂ ಹೇಳು, ಮುಚ್ಚಿಡಬೇಡ. ಮಗೂ ವಿಷಯ."

ಆಕೆ ಪೆನ್ನು ಹಿಡಿದು ಕಾಯುತ್ತಿದ್ದಳು.

"ನೋ," ಎಂದ ವಾಸು. "ಶೀ ಸೇಸ್ ನೋ. ನೆವರ್."

ಇಂಗ್ಲಿಷ್ ಬಾರದ ಮುದುಕಿಗೂ ಆ ಒಂದು ಮಾತು ಅರ್ಥವಾಗುತ್ತದೆ. ಗಿರಿಜಾದೇವಿ ಮಗನ ಮುಖ ನೋಡಿದರು. ನೋಡುತ್ತ ನೋಡುತ್ತ ಅವರಿಗೆ ಉಳಿದದ್ದೆಲ್ಲವೂ ಅರ್ಥವಾಯಿತು. ಅವರು ಎದ್ದು ಹೋಗಿ ಬಂದವಳಿಗೆ ಒಂದು ಲೋಟ ನೀರು ತಂದು ಕೊಟ್ಟರು. ಆಕೆ 'ವಿದೇಶದಿಂದ ತಂದ ಹಳೆಯ ಪಾತ್ರೆ' ಎಂದು ಬರೆದುಕೊಂಡು, ಪರೀಕ್ಷೆಗೆಂದು ಅದನ್ನು ಚೀಲದಲ್ಲಿ ಕಟ್ಟಿಕೊಂಡು ಹೋದಳು.

ಬಾಗಿಲು ಹಾಕಿ ಬಂದ ಮಗನಿಗೆ ಅವರು ಕೇಳಿದ್ದು ಒಂದೇ. "ಅದರಲ್ಲಿ ಸೀಸ ಹಾಕಿದ್ದೆಯಾ?"

ವಾಸು ತಲೆ ತಗ್ಗಿಸಿದ.

"ನಾನೇ ದಿನಾ ಬಗ್ಗಿಸಿ ಬಗ್ಗಿಸಿ ಕುಡಿಸಿದೆನಲ್ಲೋ," ಎಂದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ನಿಖಿತಾ ಮನೆಗೆ ಬಂದ ಸಂಜೆ ಕಲ್ಯಾಣಿ ಸೋಫಾದಲ್ಲಿ ಕೂತು ಲೆಕ್ಕ ಹಾಕುವವಳಂತೆ ಹೇಳಿದಳು. "ಆ ಪಾತ್ರೆ ಮೇಲೇ ಅನುಮಾನ ಅಂತೆ. ಐವತ್ತು ವರ್ಷ ನಿಮ್ಮನೇಲಿ ಎಲ್ಲರೂ ಅದರ ಸಾರೇ ಕುಡಿದಿದ್ದೀರಲ್ಲ ಅತ್ತೆ, ಆವಾಗ ಏನೂ ಆಗಲಿಲ್ವಾ?"

ವಾಸು ಬಾಯಿ ತೆರೆದ. ಅವನಿಗಿಂತ ಮೊದಲು ತಾಯಿ ಹೇಳಿದರು. "ಹಳೇ ಪಾತ್ರೆ ಕಣಮ್ಮ, ಮೇಲಿನದು ಸವೆದು ಒಳಗಿನ ಕಲಬೆರಕೆ ಈಗ ಹೊರಗೆ ಬಂದಿರತ್ತೆ. ನಮ್ಮತ್ತೆಗೆ ಅಂಗಡಿಯವನು ಮೋಸ ಮಾಡಿದ್ದ ಅಂತ ಕಾಣತ್ತೆ. ನಂದೇ ತಪ್ಪು. ಇಷ್ಟು ದೂರ ಹೊತ್ಕೊಂಡು ಬಂದೆ."

"ಐ ಡೋಂಟ್ ಗೆಟ್ ಇಟ್, ಅಜ್ಜಿ," ಎಂದಳು ನಿಖಿತಾ. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು. "ಸ್ಟೀಲ್ ಪಾತ್ರೆ ಇತ್ತಲ್ಲ ಮನೇಲಿ? ಎವೆರಿ ಡೇ ಯು ಮೇಡ್ ಮಿ ಡ್ರಿಂಕ್ ಇಟ್."

"ತಪ್ಪಾಯ್ತು ಪುಟ್ಟಿ," ಎಂದು ಎಪ್ಪತ್ತೆಂಟು ವರ್ಷದ ಗಿರಿಜಾದೇವಿ ಮೊಮ್ಮಗಳಿಗೆ ಕೈಮುಗಿದರು. ವಾಸು ಅದನ್ನು ನೋಡಿದ. ನೋಡಿಕೊಂಡೇ ಕೂತಿದ್ದ.

ಮಾರನೆಯ ದಿನದಿಂದ ಗಿರಿಜಾದೇವಿ ಅಡುಗೆಮನೆಗೆ ಕಾಲಿಡಲಿಲ್ಲ. ಕಲ್ಯಾಣಿ ಕೆಲಸದಿಂದ ಬಂದು ಅನ್ನ ಮಾಡಿಟ್ಟು ಕರೆದರೆ, "ಹಸಿವಿಲ್ಲ," ಎಂದು ಎರಡು ತುಂಡು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ತಿನ್ನುತ್ತಿದ್ದರು. ಸುಧೀರನಿಗೆ ಫೋನ್ ಮಾಡಿ ಟಿಕೆಟ್ ಬುಕ್ ಮಾಡು ಎಂದರು. ಶಮಂತ್ ಅಜ್ಜಿಯೊಡನೆ ಮೊದಲಿನಂತೆ ಮಾತಾಡುವುದನ್ನು ಬಿಟ್ಟ, ಹೆಂಡತಿಯ ನೀರಿನ ಲೋಟವನ್ನು ತಾನೇ ತೊಳೆದು ತುಂಬಿಸುತ್ತಿದ್ದ. ಕಲ್ಯಾಣಿ ಒಂದು ರಾತ್ರಿ ಗಂಡನಿಗೆ, "ಪಾಪ, ನಿಮ್ಮ ಶೆಡ್ಡಿನ ಮೇಲೆ ಸುಮ್ಮನೆ ಅಪವಾದ ಹೊರಿಸಿದೆ. ತಪ್ಪು ತಿಳ್ಕೋಬೇಡಿ," ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಕ್ಷಮೆ ಕೇಳಿದ್ದು ಅದೇ ಮೊದಲು. ವಾಸು ಗೋಡೆ ಕಡೆ ತಿರುಗಿ ಮಲಗಿದ.

ಭಾನುವಾರ ಮಧ್ಯಾಹ್ನದ ಊಟಕ್ಕೆ ಐವರೂ ಕೂತಿದ್ದರು. ಗಿರಿಜಾದೇವಿಯವರ ತಟ್ಟೆಯಲ್ಲಿ ಬ್ರೆಡ್ಡೇ ಇತ್ತು.

"ಅಜ್ಜಿ, ಗುರುವಾರಕ್ಕೆ ಫ್ಲೈಟ್ ಕನ್ಫರ್ಮ್ ಆಗಿದೆ," ಎಂದ ಶಮಂತ್. "ಸುಧೀರ್ ಅಂಕಲ್ ಕಳಿಸಿದ್ದಾರೆ."

"ಒಳ್ಳೇದಾಯ್ತಪ್ಪ."

ವಾಸುವಿನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಅದನ್ನು ತಟ್ಟೆಗೆ ಬಿಟ್ಟ. "ಪಾತ್ರೆಯಲ್ಲಿ ಸೀಸ ಇರಲಿಲ್ಲ," ಎಂದ. "ನಾನು ಹಾಕಿದ್ದು."

ಯಾರಿಗೂ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು. ನವೆಂಬರಿನ ಶುಕ್ರವಾರ, ತೂತು, ಬೆಸುಗೆ, ಶುದ್ಧ ತವರ ಎಂದು ಹೇಳಿದ ಸುಳ್ಳು, ಎಲ್ಲವನ್ನೂ ತಟ್ಟೆ ನೋಡಿಕೊಂಡೇ ಹೇಳಿದ. ತೂತು ಹೇಗೆ ಬಿತ್ತು ಎಂಬುದನ್ನು ಮಾತ್ರ ಬಿಟ್ಟ. "ನಾನು ಒಲೆ ಮೇಲೆ ಮರೆತಿದ್ದೆ," ಎಂದು ಗಿರಿಜಾದೇವಿ ಅದನ್ನೂ ಸೇರಿಸಿದರು.

ಕಲ್ಯಾಣಿ ಎದ್ದು ನಿಂತಳು. "ಆ ಹೆಂಗಸು ಬಂದು ಕೇಳಿದಳಲ್ರೀ, ಅವಳಿಗೆ?"

"ರಿಪೇರಿ ಮಾಡಿಲ್ಲ ಅಂದೆ."

"ಅತ್ತೆ ಪಕ್ಕದಲ್ಲೇ ಕೂತಿದ್ರಾ?"

"ಅಮ್ಮ ಹೇಳು ಅಂದಳು. ನಾನು ಹೇಳಲಿಲ್ಲ."

ನಿಖಿತಾ ಅಜ್ಜಿಯ ಕಡೆ ತಿರುಗಿದಳು. ಆಮೇಲೆ ಅಪ್ಪನ ಕಡೆ. ಅವಳು ಕಿರುಚುತ್ತಾಳೆಂದು ಎಲ್ಲರೂ ಕಾದರು. "ನಿನ್ನ ಬ್ಲಡ್ ಟೆಸ್ಟ್ ಯಾವಾಗ ಬಂತು ಅಪ್ಪ?" ಎಂದಳು, ಹೆಚ್ಚೂಕಡಿಮೆ ಅಚ್ಚ ಕನ್ನಡದಲ್ಲಿ.

"ಆರನೇ ತಾರೀಕು."

"ನಾನು ಆಸ್ಪತ್ರೆಗೆ ಹೋಗಿದ್ದು ಹದಿನೈದಕ್ಕೆ."

"ಹೂಂ."

"ಒಂಬತ್ತು ದಿನ. ದಿನಾ ಸಂಜೆ ಬಂದು ಕೇಳ್ತಿದ್ದೆ, ಹೊಟ್ಟೆ ಹೇಗಿದೆ ಪುಟ್ಟಿ ಅಂತ. ನಾನು ಹೇಳ್ತಿದ್ದೆ, ಜಾಸ್ತಿ ಅಂತ. ನಿನಗೆ ಯಾಕೆ ಅಂತ ಗೊತ್ತಿತ್ತು." ಅವಳು ಎರಡೂ ಕೈಯಲ್ಲಿ ಹೊಟ್ಟೆಯನ್ನು ತಬ್ಬಿಕೊಂಡಳು. "ಬೆಸುಗೆ ಹಾಕಿದ್ದಕ್ಕೆ ಕೋಪ ಇಲ್ಲ ಅಪ್ಪ."

 

ಅಂದು ಸಂಜೆಯೇ ನಿಖಿತಾ, ಶಮಂತ್ ಸೂಟ್‌ಕೇಸ್ ಕಟ್ಟಿದರು. ವೆಂಬ್ಲಿಯ ಫ್ಲಾಟಿಗೆ ಇನ್ನೂ ಬಣ್ಣ ಬಳಿದಿರಲಿಲ್ಲ, ಇರಲಿ ಎಂದರು. ಹೊರಡುವ ಹೊತ್ತಿಗೆ ನಿಖಿತಾ ಅಜ್ಜಿಯ ಕೋಣೆಗೆ ಹೋಗಿ ಅವರ ಕಾಲ ಬಳಿ ಕಷ್ಟಪಟ್ಟು ಕೂತಳು. "ಟಿಕೆಟ್ ಕ್ಯಾನ್ಸಲ್ ಮಾಡಿಸ್ತೀನಿ. ನಮ್ಮ ಜೊತೆ ಬನ್ನಿ ಅಜ್ಜಿ. ಮಗು ಹುಟ್ಟೋವರೆಗಾದ್ರೂ."

"ನನ್ನ ಕೈಯಡುಗೆ ತಿಂತೀಯೇನೇ?"

"ತಿಂತೀನಿ."

ಗಿರಿಜಾದೇವಿ ಆಗ ಅತ್ತರು, ಇಷ್ಟು ದಿನ ಅಳದೆ ಇದ್ದದ್ದನ್ನೆಲ್ಲ ಸೇರಿಸಿ. ವಾಸು ತಾಯಿಯ ಪೆಟ್ಟಿಗೆಯನ್ನು ಕಾರಿಗೆ ಹೊತ್ತುಕೊಂಡು ಹೋಗಿ ಇಟ್ಟ. ಗಿರಿಜಾದೇವಿ ಕಾರಿನ ಕಿಟಕಿಯಿಂದ ಮಗನ ಕೈಯನ್ನು ಒಮ್ಮೆ ಮುಟ್ಟಿದರು. ನಿಖಿತಾ ಮುಂದೆ ನೋಡಿಕೊಂಡೇ ಕೂತಿದ್ದಳು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ವಾಸು ಆರೋಗ್ಯ ಇಲಾಖೆಗೆ ಫೋನ್ ಮಾಡಿದ. ಕಲ್ಯಾಣಿ ಶಾಲೆಗೆ ಹೊರಟವಳು ಕೋಟು ಹಾಕಿಕೊಂಡು ಬಾಗಿಲಲ್ಲೇ ನಿಂತಳು. ಅದೇ ಹೆಂಗಸು ಎತ್ತಿಕೊಂಡಳು. ಪಾತ್ರೆಯ ಪರೀಕ್ಷೆ ಇನ್ನೂ ಮುಗಿದಿಲ್ಲ ಎಂದಳು. ಅದಕ್ಕಲ್ಲ, ಅಂದು ನಾನು ನಿಮಗೆ ತಪ್ಪಾಗಿ ಹೇಳಿದೆ, ನನ್ನ ತಾಯಿ ಹೇಳಿದ್ದು ಹಾಗಲ್ಲ ಎಂದ ವಾಸು. ಅತ್ತಲಿಂದ ಕೀಬೋರ್ಡಿನ ಸದ್ದು ನಿಂತಿತು.

"ಹಾಗಾದರೆ ಅವರು ನಿಜವಾಗಿ ಏನು ಹೇಳಿದ್ದರು? ಅವರ ಮಾತಿನಲ್ಲೇ ಹೇಳಿ," ಎಂದಳು.

ವಾಸು ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ನಾನು ಬರೀ ಪಾತ್ರೆ ಒಲೆ ಮೇಲಿಟ್ಟು ಮರೆತೆ, ತೂತು ಬಿತ್ತು," ಎಂದು ಶುರುಮಾಡಿದ. "ನನ್ನ ಮಗ ಬೆಸುಗೆ ಹಾಕಿಕೊಟ್ಟ. ಎಲ್ಲಾನೂ ಹೇಳು, ಮುಚ್ಚಿಡಬೇಡ. ಮಗೂ ವಿಷಯ." ಅಷ್ಟನ್ನೂ ಹೇಳಿ ಮುಗಿಸಿದ ಮೇಲೆಯೇ, ತಾನು ಹೇಳಿದ್ದು ಕನ್ನಡದಲ್ಲಿ, ಕೇಳುತ್ತಿರುವವಳಿಗೆ ಒಂದಕ್ಷರವೂ ತಿಳಿದಿಲ್ಲ ಎಂಬುದು ಅವನಿಗೆ ಹೊಳೆಯಿತು. ತಿಳಿದವಳು ಬಾಗಿಲಲ್ಲಿ ನಿಂತಿದ್ದಳು. ಅವಳು ಚೀಲ ಕೆಳಗಿಟ್ಟು, "ಈಗ ಇಂಗ್ಲಿಷ್‌ನಲ್ಲಿ ಹೇಳಿ," ಎಂದಳು.